ಫೋನಿನ ಆ್ಯಪ್‌ಗಳಿಗೆ ಬಣ್ಣದ ಪರೀಕ್ಷೆ ಕಡ್ಡಾಯವಾಗಲಿ

ಸಂಪಾದಕರಿಗೆ,

ಮಾನ್ಯರೇ,

ಆನ್‌ಲೈನಿನಲ್ಲಿ ಸೀರೆ ತರಿಸಿಕೊಂಡವರು ಫೋನಿನಲ್ಲಿ ಕಂಡ ಬಣ್ಣವೇ ಬೇರೆ, ಮನೆಗೆ ಬಂದ ಬಣ್ಣವೇ ಬೇರೆ ಎಂದು ದೂರುವುದು ಈಗ ಸಾಮಾನ್ಯವಾಗಿದೆ. ಬೈಗುಳವೆಲ್ಲ ಮಾರಿದವರಿಗೆ, ಅವರ ಮೂಲಕ ಕೊನೆಗೆ ನೇಯ್ದವರಿಗೆ ತಲುಪುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಚಿತ್ರಗಳನ್ನು ಸಂಸ್ಕರಿಸುವ ಕೋಡನ್ನು ಪರೀಕ್ಷಿಸುವುದೇ ಕಸುಬಾಗಿರುವ ನಾನು ಈ ವಿಷಯದಲ್ಲಿ ತಮ್ಮ ಪತ್ರಿಕೆಯ ಮೂಲಕ ಕೆಲವು ಸಂಗತಿಗಳನ್ನು ಓದುಗರ ಮುಂದಿಡಲು ಬಯಸುತ್ತೇನೆ. ಇಂಥ ದೂರುಗಳಲ್ಲಿ ಒಂದು ಪಾಲಿಗೆ ಕಾರಣ, ತೆಗೆದ ಚಿತ್ರವನ್ನು ಕುಗ್ಗಿಸಿ, ಕತ್ತರಿಸಿ, ಸರ್ವರಿಗೆ ಏರಿಸುವ ಆ್ಯಪ್‌ನಲ್ಲಿರುವ ಕೆಲವೇ ಸಾಲುಗಳ ಕೋಡು. ಆ ದೋಷವನ್ನು ಪರೀಕ್ಷೆಯಲ್ಲಿ ಹಿಡಿಯುವುದು ಕಷ್ಟವೇನಲ್ಲ. ಆದರೆ ವಾಡಿಕೆಯಲ್ಲಿರುವ ಪರೀಕ್ಷೆಗಳ ಕಣ್ಣಿಗೆ ಅದು ಬೀಳುವುದಿಲ್ಲ. ಸೀರೆಯ ಮಟ್ಟಿಗೆ ಇದರ ನಷ್ಟ ಪಾರ್ಸೆಲನ್ನು ವಾಪಸು ಕಳಿಸುವುದರಲ್ಲಿ ಮುಗಿಯಬಹುದು. ಎಲೆಯ ಹಸಿರನ್ನು ನೋಡಿ ಗೊಬ್ಬರದ ಪ್ರಮಾಣ ಹೇಳುವ ಅಥವಾ ಚರ್ಮದ ಹಳದಿಯನ್ನು ನೋಡಿ ಕಾಮಾಲೆಯ ಸುಳಿವು ಕೊಡುವ ಆ್ಯಪ್‌ನಲ್ಲಿ ಇದೇ ದೋಷ ಉಳಿದುಕೊಂಡರೆ ನಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ಆದ್ದರಿಂದ ಸಾರ್ವಜನಿಕ ಹಣದಲ್ಲಿ ಇಂಥ ಆ್ಯಪ್‌ಗಳನ್ನು ಮಾಡಿಸುವ ಇಲಾಖೆಗಳು ಬಣ್ಣದ ಪರೀಕ್ಷೆಯನ್ನು ಗುತ್ತಿಗೆಯ ಷರತ್ತುಗಳಲ್ಲೇ ಬರೆಯಬೇಕೆಂಬುದು ನನ್ನ ಒತ್ತಾಯ.

ಫೋನಿನೊಳಗೆ ಬಣ್ಣವೆಂದರೆ ಮೂರು ಅಂಕಿಗಳು: ಕೆಂಪು, ಹಸಿರು, ನೀಲಿ, ಪ್ರತಿಯೊಂದೂ ಸಾಮಾನ್ಯವಾಗಿ 0ಯಿಂದ 255ರವರೆಗೆ. 255, 0, 0 ಎಂದರೆ ಅಚ್ಚ ಕೆಂಪು ಎಂದು ಎಲ್ಲರೂ ಹೇಳುತ್ತಾರೆ. ಯಾವ ಕೆಂಪು ಎಂದು ಕೇಳುವವರು ಕಡಿಮೆ. ಅಂಗಡಿಯಲ್ಲಿ ಅಕ್ಕಿ ಎರಡು ಕೊಡಿ ಎಂದು ಹೇಳಿ, ಸೇರೋ ಪಾವೋ ಹೇಳದೆ ಬಿಟ್ಟಂತಾಗುತ್ತದೆ ಇದು. ಆ ಅಳತೆಯನ್ನು ಹೇಳುವುದಕ್ಕೇ ಕಲರ್ ಸ್ಪೇಸ್ ಎಂಬ ಏರ್ಪಾಡು ಇರುವುದು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಅಂದಿನ ಸಾಧಾರಣ ಕಂಪ್ಯೂಟರ್ ಪರದೆಗಳನ್ನು ಗಮನದಲ್ಲಿಟ್ಟು ಎಸ್‌ಆರ್‌ಜಿಬಿ ಎಂಬ ಕಲರ್ ಸ್ಪೇಸನ್ನು ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಬಹುಕಾಲ ಎಲ್ಲ ಪರದೆಗಳೂ ಹೆಚ್ಚುಕಡಿಮೆ ಅದೇ ಅಳತೆಯಲ್ಲಿದ್ದುದರಿಂದ ಅಳತೆಯ ಹೆಸರು ಹೇಳದಿದ್ದರೂ ವ್ಯವಹಾರ ನಡೆದುಹೋಗುತ್ತಿತ್ತು. ಡಿಜಿಟಲ್ ಸಿನಿಮಾದಿಂದ ಬಂದ ಪಿ3 ಎಂಬ ಹೆಚ್ಚು ಅಗಲದ ಬಣ್ಣವ್ಯಾಪ್ತಿಯನ್ನು ಆ್ಯಪಲ್ ಕಂಪನಿ 2015ರ ಐಮ್ಯಾಕ್‌ಗೆ, 2016ರಲ್ಲಿ ಐಫೋನ್ 7ರ ಪರದೆ ಮತ್ತು ಕ್ಯಾಮೆರಾ ಎರಡಕ್ಕೂ ತಂದ ಮೇಲೆ, ಹಾಗೂ 2017ರ ಆಂಡ್ರಾಯ್ಡ್ 8.0 ಅಗಲ ವ್ಯಾಪ್ತಿಯ ಬಣ್ಣಕ್ಕೆ ಬೆಂಬಲ ಕೊಟ್ಟ ಮೇಲೆ, ಒಂದೇ ಕಿಸೆಯಲ್ಲಿ ಎರಡು ಅಳತೆಗಳು ಓಡಾಡತೊಡಗಿದವು. ಪರದೆಗಳಿಗೆ ಹೊಂದಿಸಿದ ಅದರ ರೂಪವಾದ ಡಿಸ್‌ಪ್ಲೇ ಪಿ3 ಎಸ್‌ಆರ್‌ಜಿಬಿಗಿಂತ ಸುಮಾರು ಕಾಲು ಪಾಲು ಹೆಚ್ಚು ವ್ಯಾಪ್ತಿಯುಳ್ಳದ್ದು. ಹೆಚ್ಚುವರಿಯಾದ ಆ ಭಾಗ ಬಹುಪಾಲು ಗಾಢವಾದ ಕೆಂಪು, ಕಿತ್ತಳೆ, ಹಸಿರುಗಳ ಕಡೆಗೇ ಇದೆ.

ಇಳಕಲ್ ಸೀರೆಯ ಕೆಂಪು ಸೆರಗನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಕೆಂಪು ಎಸ್‌ಆರ್‌ಜಿಬಿ ಅಳತೆಯಲ್ಲಿ ಸರಿಯಾಗಿ 255, 0, 0 ಎಂದು ಇಟ್ಟುಕೊಂಡರೆ, ಅದೇ ಕೆಂಪನ್ನು ಡಿಸ್‌ಪ್ಲೇ ಪಿ3 ಅಳತೆಯಲ್ಲಿ ಬರೆಯುವಾಗ ಅಂಕಿಗಳು 234, 51, 35 ಆಗುತ್ತವೆ. ಬಣ್ಣ ಒಂದೇ, ಬರೆದ ರೀತಿ ಬೇರೆ. ಐಫೋನಿನಲ್ಲಿ ತೆಗೆದ ಚಿತ್ರದ ಕಡತದಲ್ಲಿ ಈ ಅಂಕಿಗಳ ಜೊತೆಗೆ ಇವು ಪಿ3 ಅಳತೆಯವು ಎಂದು ಹೇಳುವ ಕಲರ್ ಪ್ರೊಫೈಲ್ ಇರುತ್ತದೆ. ಮಾರಾಟದ ಆ್ಯಪ್ ಆ ಚಿತ್ರವನ್ನು ಕುಗ್ಗಿಸುವಾಗ ಅಂಕಿಗಳನ್ನು ಹಾಗೆಯೇ ಉಳಿಸಿಕೊಂಡು ಪ್ರೊಫೈಲನ್ನು ಮಾತ್ರ ಕೈಬಿಟ್ಟರೆ, ಮುಂದೆ ಓದುವ ಪ್ರತಿಯೊಂದು ಫೋನೂ ಇದು ಎಸ್‌ಆರ್‌ಜಿಬಿ ಇರಬೇಕು ಎಂದು ಭಾವಿಸಿ 234, 51, 35 ಎಂಬ ಸ್ವಲ್ಪ ಮಾಸಲಾದ, ಇಟ್ಟಿಗೆಯ ಕಡೆಗೆ ವಾಲಿದ ಕೆಂಪನ್ನು ತೋರಿಸುತ್ತದೆ. ಅಚ್ಚ ಹಸಿರು 117, 251, 76 ಆಗಿ ತಿಳಿಯಾಗುತ್ತದೆ. ಅಚ್ಚ ಹಳದಿ 255, 255, 84 ಆಗಿ ಹಾಲು ಬೆರೆತಂತೆ ಕಾಣುತ್ತದೆ. ಆ್ಯಪ್ ಎಲ್ಲೂ ನಿಲ್ಲುವುದಿಲ್ಲ, ತಪ್ಪಿನ ಸಂದೇಶವೂ ಬರುವುದಿಲ್ಲ. ಚಿತ್ರ ಚಿತ್ರವಾಗಿಯೇ ಇರುತ್ತದೆ, ಬಣ್ಣ ಮಾತ್ರ ಜಾರಿರುತ್ತದೆ. ಕೊಳ್ಳುವವರು ತಿಳಿಗೆಂಪು ಎಂದುಕೊಂಡು ತರಿಸಿದ ಸೀರೆ ಕಡುಗೆಂಪಾಗಿ ಬಂದಿಳಿಯುತ್ತದೆ.

ಪ್ರೊಫೈಲ್ ಹೀಗೆ ಕಳೆದುಹೋಗುವುದಕ್ಕೆ ಒಂದು ಸದುದ್ದೇಶವೂ ಕಾರಣವಾಗುವುದುಂಟು. ಫೋನಿನ ಚಿತ್ರಗಳಲ್ಲಿ ಅದನ್ನು ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಇರಬಹುದಾದ್ದರಿಂದ, ಬಳಕೆದಾರರ ಖಾಸಗಿತನ ಕಾಯಲು ಆ್ಯಪ್‌ಗಳು ಚಿತ್ರದ ಜೊತೆಗಿರುವ ಇಂಥ ಮಾಹಿತಿಯನ್ನು, ಅಂದರೆ ಮೆಟಾಡೇಟಾವನ್ನು, ಅಳಿಸುತ್ತವೆ. ಅದು ಸರಿಯಾದ ಕೆಲಸವೇ. ಆದರೆ ಮನೆಯ ವಿಳಾಸದಂಥ ಗುಟ್ಟನ್ನು ಅಳಿಸುವ ಭರದಲ್ಲಿ ಬಣ್ಣದ ಪ್ರೊಫೈಲನ್ನೂ ಚಿತ್ರ ಯಾವ ದಿಕ್ಕಿಗೆ ತಿರುಗಿರಬೇಕೆಂಬ ಸೂಚನೆಯನ್ನೂ ಒಟ್ಟಿಗೆ ಗುಡಿಸಿಹಾಕುವ ಕೋಡು ಬೇಕಾದಷ್ಟಿದೆ. ದಿಕ್ಕಿನ ಸೂಚನೆ ಹೋದರೆ ಚಿತ್ರ ಅಡ್ಡ ಬೀಳುತ್ತದೆ, ಯಾರಾದರೂ ಅದೇ ದಿನ ದೂರು ಕೊಡುತ್ತಾರೆ. ಬಣ್ಣದ ಸೂಚನೆ ಹೋದರೆ ಯಾರ ಗಮನಕ್ಕೂ ಬರದೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಅಳಿಸುವ ಮೊದಲು ಅಂಕಿಗಳನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಚಿತ್ರವನ್ನು ಸರಿಯಾದ ದಿಕ್ಕಿಗೆ ತಿರುಗಿಸಿ, ಆಮೇಲೆ ಮೆಟಾಡೇಟಾ ತೆಗೆದರೆ ಎರಡು ಉದ್ದೇಶಗಳೂ ಈಡೇರುತ್ತವೆ.

ಪರಿವರ್ತನೆಯಲ್ಲೂ ಎಡವಲು ಜಾಗವಿದೆ. ಪಿ3ಯ ಅತಿ ಗಾಢವಾದ ಕೆಂಪನ್ನು ಎಸ್‌ಆರ್‌ಜಿಬಿಗೆ ತಂದಾಗ, 1 ಎಂಬುದು ಪೂರ್ಣವೆಂದು ಲೆಕ್ಕ ಹಿಡಿದರೆ, ಸುಮಾರು 1.09, ಋಣ 0.23, ಋಣ 0.15 ಎಂಬ ಅಂಕಿಗಳು ಬರುತ್ತವೆ. ಅಂದರೆ ಆ ಕೆಂಪು ಎಸ್‌ಆರ್‌ಜಿಬಿಯ ಎಲ್ಲೆಯ ಹೊರಗಿದೆ. ಕೋಡು ಇವನ್ನು 0 ಮತ್ತು 1ರ ನಡುವೆ ತಂದು ನಿಲ್ಲಿಸಬೇಕು. ಹಾಗೆ ಮಾಡದೆ ನೇರವಾಗಿ 0ಯಿಂದ 255ರ ಪೆಟ್ಟಿಗೆಗೆ ತುಂಬಿಸಿದರೆ, ಕೆಲವು ಕೋಡ್‌ಗಳಲ್ಲಿ ಅಂಕಿಗಳು ಸುತ್ತುಹೊಡೆದು ಹೆಚ್ಚುಕಡಿಮೆ 23, 198, 218 ಎಂದಾಗುತ್ತವೆ. ಇದು ತಿಳಿ ಆಕಾಶನೀಲಿ. ಕೆಂಪು ಸೆರಗಿನ ಅತ್ಯಂತ ಗಾಢವಾದ ಜಾಗಗಳಲ್ಲಿ ನೀಲಿ ಕಲೆಗಳು ಕಾಣಿಸಿಕೊಳ್ಳುವುದು ಹೀಗೆ. ಕಣ್ಣಿಗೆ ಹೊಡೆಯುವಂಥ ದೋಷವಾದ್ದರಿಂದ ಇದನ್ನು ಬೇಗ ತಿದ್ದುತ್ತಾರೆ. ನನ್ನ ಚಿಂತೆ ಇರುವುದು ಕಣ್ಣಿಗೆ ಹೊಡೆಯದ ದೋಷಗಳ ಬಗ್ಗೆ.

ಅವನ್ನು ಪರೀಕ್ಷೆ ಏಕೆ ಹಿಡಿಯುವುದಿಲ್ಲ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸಬಹುದು. ವಾಡಿಕೆಯ ಪದ್ಧತಿ ಹೀಗಿದೆ: ಸರಿ ಇದೆಯೆಂದು ಒಪ್ಪಿಕೊಂಡ ಒಂದು ಮಾದರಿ ಚಿತ್ರವನ್ನು ಇಟ್ಟುಕೊಂಡು, ಕೋಡು ಹೊರಡಿಸಿದ ಚಿತ್ರವನ್ನು ಅದರೊಂದಿಗೆ ಪಿಕ್ಸೆಲ್ ಪಿಕ್ಸೆಲ್ (ಚಿತ್ರದ ಒಂದೊಂದು ಬಣ್ಣದ ಚುಕ್ಕೆ) ಹೋಲಿಸಿ, ಒಟ್ಟು ಸರಾಸರಿ ವ್ಯತ್ಯಾಸ ಒಂದು ಮಿತಿಗಿಂತ, ಉದಾಹರಣೆಗೆ ಶೇ 2ಕ್ಕಿಂತ, ಕಡಿಮೆ ಇದ್ದರೆ ಪಾಸು. ಮೇಲೆ ಹೇಳಿದ ಕೆಂಪಿನಲ್ಲಿ ಮೂರು ಅಂಕಿಗಳ ವ್ಯತ್ಯಾಸ 21, 51, 35. ಸರಾಸರಿ ಸುಮಾರು 36. ಚಿತ್ರದ ಹತ್ತನೆಯ ಒಂದು ಭಾಗದಲ್ಲಿ ಮಾತ್ರ ಈ ಕೆಂಪಿದ್ದು ಉಳಿದದ್ದು ಬಿಳಿ, ಬೂದು, ಕಪ್ಪು ಆಗಿದ್ದರೆ, ಇಡೀ ಚಿತ್ರದ ಸರಾಸರಿ ವ್ಯತ್ಯಾಸ 3.6ರಷ್ಟು, ಅಂದರೆ 255ರಲ್ಲಿ ಶೇ 1.4. ಪರೀಕ್ಷೆ ಹಸಿರು ನಿಶಾನೆ ತೋರಿಸುತ್ತದೆ. ಕೊಳ್ಳುವವರು ನೋಡುವುದು ಸರಾಸರಿಯನ್ನಲ್ಲ, ಸೆರಗನ್ನು. ಹಾಗಾಗಿ ಸರಾಸರಿಯ ಜೊತೆಗೆ, ಅತಿ ಹೆಚ್ಚು ತಪ್ಪಿದ ಪಿಕ್ಸೆಲ್ ಎಷ್ಟು ತಪ್ಪಿದೆ, ಮಿತಿ ಮೀರಿದ ಪಿಕ್ಸೆಲ್‌ಗಳು ಒಟ್ಟು ಎಷ್ಟು ಪಾಲು ಎಂಬ ಎರಡನ್ನೂ ಪರೀಕ್ಷೆ ಕೇಳಬೇಕು. ವ್ಯತ್ಯಾಸವನ್ನು ಬರೀ ಅಂಕಿಗಳಲ್ಲಿ ಅಳೆಯುವುದಕ್ಕಿಂತ, ಮನುಷ್ಯನ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬುದನ್ನು ಆಧರಿಸಿದ ಡೆಲ್ಟಾ ಇ ಎಂಬ ಅಳತೆಯಲ್ಲಿ ಅಳೆಯುವುದು ಇನ್ನೂ ಮೇಲು. ಅದರ ಪ್ರಸಿದ್ಧ ಸೂತ್ರ 1976ರದ್ದು, ಆನಂತರ ಸುಧಾರಿಸಿದ ಸೂತ್ರಗಳೂ ಬಳಕೆಯಲ್ಲಿವೆ.

ಮಾದರಿ ಚಿತ್ರವನ್ನು ಯಾರು ತಯಾರಿಸಿದರು ಎಂಬ ಪ್ರಶ್ನೆ ಇದಕ್ಕಿಂತಲೂ ದೊಡ್ಡದು. ಬಹಳ ತಂಡಗಳಲ್ಲಿ ಆ ಮಾದರಿಯನ್ನು ಹೊರಡಿಸಿದ್ದು ಪರೀಕ್ಷೆಗೆ ಒಳಗಾಗಬೇಕಾದ ಅದೇ ಕೋಡು. ಆರಂಭದಲ್ಲೇ ಬಣ್ಣ ಜಾರಿದ್ದರೆ ಮಾದರಿಯಲ್ಲೂ ಜಾರಿರುತ್ತದೆ, ಪರೀಕ್ಷೆ ಆ ಜಾರಿಕೆಯನ್ನು ಜೋಪಾನವಾಗಿ ಕಾಪಾಡುತ್ತದೆ. ಮುಂದೆ ಯಾರಾದರೂ ಅದನ್ನು ಸರಿಪಡಿಸಲು ಹೋದರೆ ಸರಿಪಡಿಸಿದವರ ಪರೀಕ್ಷೆಯೇ ಫೇಲಾಗುತ್ತದೆ. ಹಲವು ಪರೀಕ್ಷೆಗಳು ಒಟ್ಟಿಗೆ ಫೇಲಾದಾಗ ಎಲ್ಲ ಮಾದರಿಗಳನ್ನೂ ಒಂದೇ ಆಜ್ಞೆಯಿಂದ ಹೊಸದಾಗಿ ಹೊರಡಿಸಿ ಮುಂದೆ ಸಾಗುವ ಅಭ್ಯಾಸವೂ ಇದೆ. ಬಿಡುಗಡೆಯ ದಿನ ಹತ್ತಿರವಿದ್ದಾಗ ಅದನ್ನು ತಡೆಯುವುದು ಎಷ್ಟು ಕಷ್ಟ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ನಿರೀಕ್ಷಿತ ಅಂಕಿಗಳು ಕೋಡಿನಿಂದ ಹೊರಗೆ, ಮಾನಕದ ಸೂತ್ರದಿಂದ ಲೆಕ್ಕ ಹಾಕಿದವಾಗಿರಬೇಕು. ಅದಕ್ಕೆ ದೊಡ್ಡ ಚಿತ್ರವೂ ಬೇಕಿಲ್ಲ. ನಾಲ್ಕಾರು ಪಿಕ್ಸೆಲ್‌ಗಳ ಚಿತ್ರವನ್ನು ಕೋಡಿನಲ್ಲೇ ಕಟ್ಟಿ, ಪಿ3ಯ 234, 51, 35 ಒಳಹೋದರೆ ಎಸ್‌ಆರ್‌ಜಿಬಿಯ 255, 0, 0 ಹೊರಬರಬೇಕು, ಒಂದೆರಡು ಅಂಕಿಗಳ ಹೆಚ್ಚುಕಡಿಮೆ ಪರವಾಗಿಲ್ಲ ಎಂದು ಬರೆದರೆ ಸಾಕು. ಓದಿದ ಯಾರಿಗಾದರೂ ಇದು ಯಾವುದನ್ನು ಪರೀಕ್ಷಿಸುತ್ತಿದೆ ಎಂದು ಅರ್ಥವಾಗುತ್ತದೆ, ಇದನ್ನು ಹೊಸದಾಗಿ ಹೊರಡಿಸುವ ಪ್ರಶ್ನೆಯೂ ಬರುವುದಿಲ್ಲ.

ಪರೀಕ್ಷೆಗೆ ಯಾವ ಬಣ್ಣ ಆರಿಸುತ್ತೇವೆ ಎಂಬುದರಲ್ಲೇ ಅರ್ಧ ಕೆಲಸ ಇದೆ. ಬೂದು ಬಣ್ಣದ ಚಿತ್ರದಿಂದ ಪರೀಕ್ಷಿಸಿದರೆ ಮೇಲಿನ ಯಾವ ದೋಷವೂ ಕಾಣುವುದಿಲ್ಲ, ಏಕೆಂದರೆ ಎಸ್‌ಆರ್‌ಜಿಬಿ ಮತ್ತು ಡಿಸ್‌ಪ್ಲೇ ಪಿ3 ಎರಡಕ್ಕೂ ಬಿಳಿಯ ಬಿಂದು (ಯಾವ ಬೆಳಕನ್ನು ಬಿಳಿಯೆಂದು ಹಿಡಿಯಬೇಕು ಎಂಬುದು) ಒಂದೇ, ಬೆಳಕಿನ ಏರಿಳಿತದ ಸೂತ್ರವೂ ಒಂದೇ. ಬೂದು ಎರಡರಲ್ಲೂ ಅದೇ ಅಂಕಿಗಳಲ್ಲಿ ಉಳಿಯುತ್ತದೆ. ಕೆಂಪು ಮತ್ತು ನೀಲಿಯ ಸ್ಥಾನಗಳು ಅದಲುಬದಲಾದರೂ ಬೂದು ಬದಲಾಗದು. ಓಪನ್‌ಸಿವಿ ಎಂಬ ಬಹುಬಳಕೆಯ ತಂತ್ರಾಂಶ ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಚಿತ್ರವನ್ನು ಓದುವುದರಿಂದ ಈ ಅದಲುಬದಲು ತೀರಾ ಸಾಮಾನ್ಯ. ಹಾಗೆಯೇ ಚೌಕಾಕಾರದ ಚಿತ್ರ ಬಳಸಿದರೆ ಉದ್ದ ಅಗಲಗಳು ತಿರುಗಾಮುರುಗಾ ಆದದ್ದು ತಿಳಿಯುವುದಿಲ್ಲ. ಅಗಲ 64 ಅಥವಾ 128 ಪಿಕ್ಸೆಲ್ ಆಗಿದ್ದರೆ ಪ್ರತಿ ಸಾಲಿನ ಕೊನೆಯಲ್ಲಿ ಯಂತ್ರ ಖಾಲಿ ಜಾಗ ಸೇರಿಸುವ ಪ್ರಮೇಯವೇ ಸಾಮಾನ್ಯವಾಗಿ ಬರುವುದಿಲ್ಲ, ಹಾಗಾಗಿ ಆ ಜಾಗವನ್ನು ಕೋಡು ಮರೆತದ್ದು ತಿಳಿಯುವುದಿಲ್ಲ. 37 ಅಥವಾ 61ರಂಥ ಬೆಸ ಅಗಲ ಕೊಟ್ಟರೆ ಚಿತ್ರ ಓರೆಯಾಗಿ ಹರಿದು ದೋಷ ತಾನಾಗಿ ಹೊರಬೀಳುತ್ತದೆ. ಅರೆಪಾರದರ್ಶಕ ಅಂಚುಗಳಿಗೂ ಇದೇ ಮಾತು: ಪೂರ್ತಿ ಅಪಾರದರ್ಶಕ ಚಿತ್ರದಿಂದ ಪರೀಕ್ಷಿಸಿದವರಿಗೆ ಅಂಚಿನಲ್ಲಿ ಕಪ್ಪು ಗೆರೆ ಮೂಡುವುದು ತಿಳಿಯುವುದೇ ಇಲ್ಲ.

ಕ್ಯಾಮೆರಾದಿಂದ ನೇರವಾಗಿ ಬರುವ ದೃಶ್ಯವನ್ನು ಬಳಸುವ ಆ್ಯಪ್‌ಗಳಲ್ಲಿ ಇನ್ನೊಂದು ತೊಡಕಿದೆ, ಎಲೆ ನೋಡುವ ಆ್ಯಪ್‌ಗಳಿಗೆ ಅದು ನೇರವಾಗಿ ಸಂಬಂಧಿಸಿದ್ದು. ಕ್ಯಾಮೆರಾ ಕೊಡುವುದು ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿಯ ಅಂಕಿಗಳನ್ನಲ್ಲ; ಒಂದು ಹೊಳಪಿನ ಅಂಕಿ ಮತ್ತು ಎರಡು ಬಣ್ಣದ ಅಂಕಿಗಳನ್ನು. ಅವನ್ನು ಮತ್ತೆ ಮೂರು ಬಣ್ಣಗಳಾಗಿ ಬಿಡಿಸಲು ಹಳೆಯ ಟೆಲಿವಿಷನ್ನಿನ 601 ಎಂಬ ಮಾನಕದ ಸೂತ್ರವೂ ಎಚ್‌ಡಿ ಟೆಲಿವಿಷನ್ನಿನ 709 ಎಂಬ ಮಾನಕದ ಸೂತ್ರವೂ ಬಳಕೆಯಲ್ಲಿವೆ. ಮೊದಲನೆಯದು ಹೊಳಪಿನಲ್ಲಿ ಹಸಿರಿಗೆ 0.587ರ ಪಾಲು ಕೊಟ್ಟರೆ ಎರಡನೆಯದು 0.7152 ಕೊಡುತ್ತದೆ. 601ರಲ್ಲಿ ಕಟ್ಟಿದ್ದನ್ನು 709ರಲ್ಲಿ ಬಿಚ್ಚಿದರೆ 255 ಇದ್ದ ಅಚ್ಚ ಹಸಿರು ಸುಮಾರು 216ಕ್ಕೆ ಇಳಿಯುತ್ತದೆ. ಬೂದು ಬಣ್ಣಕ್ಕೆ ಆಗ ಕೂಡ ಏನೂ ಆಗುವುದಿಲ್ಲ. ಭತ್ತದ ಎಲೆಯನ್ನು ಹಸಿರಿನ ಬೇರೆ ಬೇರೆ ಛಾಯೆಗಳ ಪಟ್ಟಿಯೊಂದಿಗೆ ಹೋಲಿಸಿ ಸಾರಜನಕ ಬೇಕೇ ಎಂದು ತೀರ್ಮಾನಿಸುವ ಕ್ರಮ ಏಷ್ಯಾದ ಭತ್ತದ ನಾಡುಗಳಲ್ಲಿ ಬಹುಕಾಲದಿಂದ ಇದೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅದನ್ನು ಪ್ರಚಾರಕ್ಕೆ ತಂದ ಸಂಸ್ಥೆಗಳಲ್ಲೊಂದು. ಪ್ಲಾಸ್ಟಿಕ್ ಪಟ್ಟಿಯ ಹಸಿರು ರೈತರ ಕೈಯಲ್ಲಿ ಎಲ್ಲಿಗೂ ಜಾರುವುದಿಲ್ಲ. ಆ ಪಟ್ಟಿಯ ಕೆಲಸವನ್ನು ಫೋನಿಗೆ ವಹಿಸಿದರೆ, ಒಂದು ಫೋನಿನಲ್ಲಿ ಸಾಕಷ್ಟು ಹಸಿರಾಗಿ ಕಂಡ ಎಲೆ ಇನ್ನೊಂದರಲ್ಲಿ ಗೊಬ್ಬರ ಬೇಡುವ ಎಲೆಯಾಗಿ ಕಾಣುವ ಸಂಭವ ಇದೆ ಎಂಬುದನ್ನು ಆ್ಯಪ್ ಮಾಡಿಸುವವರು ತಿಳಿದಿರಬೇಕು.

ಕುಗ್ಗಿಸುವ ಕೋಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಿದೆ, ಏಕೆಂದರೆ ನಮ್ಮ ಕೈಮಗ್ಗದ ಬಟ್ಟೆಗಳಿಗೆ ಇದರಿಂದ ಬೇರೆಯೇ ಬಗೆಯ ಅನ್ಯಾಯವಾಗುತ್ತದೆ. ಕಡತದಲ್ಲಿರುವ ಅಂಕಿ ಬೆಳಕಿನ ಪ್ರಮಾಣವಲ್ಲ. ಕಪ್ಪಿನ ಕಡೆಯ ಛಾಯೆಗಳಿಗೆ ಹೆಚ್ಚು ಜಾಗ ಸಿಗುವಂತೆ ಬೆಳಕನ್ನು ಒಂದು ವಕ್ರರೇಖೆಯಲ್ಲಿ ಹಾಯಿಸಿ ಅಂಕಿ ಮಾಡಿರುತ್ತಾರೆ. ಎಸ್‌ಆರ್‌ಜಿಬಿಯಲ್ಲಿ 128 ಎಂಬ ಅಂಕಿ ಪೂರ್ಣ ಬೆಳಕಿನ ಅರ್ಧವಲ್ಲ, ಸುಮಾರು ಶೇ 22 ಮಾತ್ರ. ನಿಜವಾದ ಅರ್ಧ ಬೆಳಕಿನ ಅಂಕಿ 188. ಈಗ ಒಂದು ಕಪ್ಪು, ಒಂದು ಬಿಳಿ ಪಿಕ್ಸೆಲಿನ ಚೌಕಳಿಯನ್ನು ಅರ್ಧಕ್ಕೆ ಕುಗ್ಗಿಸಿದರೆ ಏನು ಬರಬೇಕು? ದೂರದಿಂದ ನೋಡಿದ ಕಣ್ಣಿಗೆ ಬೆರೆತು ಕಾಣುವುದು 188ರ ಬೂದು. ಅಂಕಿಗಳ ಸರಾಸರಿಯನ್ನೇ ತೆಗೆಯುವ ಕೋಡು 128 ಕೊಡುತ್ತದೆ. ಮುಖ, ಆಕಾಶ, ಗೋಡೆಗಳಂಥ ನುಣುಪಾದ ಚಿತ್ರಗಳಲ್ಲಿ ಈ ವ್ಯತ್ಯಾಸ ಗಮನಕ್ಕೆ ಬರದು. ಆದರೆ ಎಳೆ ಎಳೆಯಾಗಿ ಗಾಢ ಮತ್ತು ತಿಳಿ ಬಣ್ಣಗಳು ಹೆಣೆದುಕೊಂಡಿರುವ ಸಣ್ಣ ಚೌಕಳಿಯ ಒಡಲು, ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆ) ಒತ್ತೊತ್ತಾದ ಬುಟ್ಟಾಗಳು, ಜರಿಯ ಮಿನುಗು ಇರುವ ಅಂಚು, ಇವೆಲ್ಲ ಥಂಬ್‌ನೇಲ್ ಎಂಬ ಪುಟ್ಟ ಚಿತ್ರದಲ್ಲಿ ಇರುವುದಕ್ಕಿಂತ ಕಪ್ಪಾಗಿ, ಮಂಕಾಗಿ ಕಾಣುತ್ತವೆ. ಒಂದೇ ಬಣ್ಣದ ಗಿರಣಿ ಬಟ್ಟೆ ತನ್ನ ಬಣ್ಣದಲ್ಲೇ ಉಳಿಯುತ್ತದೆ. ಮೊದಲ ನೋಟದಲ್ಲೇ ಒತ್ತಬೇಕೋ ಬಿಡಬೇಕೋ ಎಂದು ತೀರ್ಮಾನಿಸುವ ಕೊಳ್ಳುಗರ ಮುಂದೆ ಇದು ಸಣ್ಣ ಸಂಗತಿಯಲ್ಲ. ಪರೀಕ್ಷೆಯೋ ತೀರಾ ಸುಲಭ: ಚೌಕಳಿ ಕೊಡಿ, ಕುಗ್ಗಿಸಿ, 188ರ ಆಸುಪಾಸು ಬಂತೇ ನೋಡಿ. ವೇಗಕ್ಕಾಗಿ 128ರ ದಾರಿಯನ್ನೇ ಬೇಕೆಂದು ಆರಿಸಿಕೊಂಡ ತಂಡಗಳೂ ಇವೆ. ತಿಳಿದು ಆರಿಸಿಕೊಂಡಿದ್ದರೆ ಅದು ಅವರ ತೀರ್ಮಾನ; ಆ ತೀರ್ಮಾನ ಎಲ್ಲಾದರೂ ಬರೆದಿರಬೇಕು ಎಂದಷ್ಟೇ ನನ್ನ ಆಗ್ರಹ.

ಒಂದು ಅಂಕಿಯ ವ್ಯತ್ಯಾಸವೂ ಕೂಡದೆಂದು ಹಟ ಹಿಡಿಯುವುದೂ ಸರಿಯಲ್ಲ. ಜೆಪೆಗ್ ಚಿತ್ರವನ್ನು ಬಿಡಿಸುವ ಎರಡು ತಂತ್ರಾಂಶಗಳು ಒಂದೇ ಕಡತದಿಂದ ತುಸು ಬೇರೆ ಅಂಕಿಗಳನ್ನು ಹೊರಡಿಸಬಹುದು. ಫೋನಿನ ಗ್ರಾಫಿಕ್ಸ್ ಚಿಪ್‌ಗಳು ವೇಗಕ್ಕಾಗಿ ಕಡಿಮೆ ನಿಖರತೆಯ ಲೆಕ್ಕ ಬಳಸುವುದರಿಂದ ಚಿಪ್‌ನಿಂದ ಚಿಪ್‌ಗೆ ಒಂದೆರಡು ಅಂಕಿ ಆಚೀಚೆ ಆಗುವುದು ಸಹಜ. ತೀರಾ ಬಿಗಿಯಾದ ಪರೀಕ್ಷೆ ಕಾರಣವಿಲ್ಲದೆ ಪದೇ ಪದೇ ಫೇಲಾದರೆ ಜನ ಅದನ್ನು ನಂಬುವುದನ್ನೇ ಬಿಡುತ್ತಾರೆ. ಮಾದರಿಗಳನ್ನು ನಷ್ಟವಿಲ್ಲದ ಪಿಎನ್‌ಜಿ ರೂಪದಲ್ಲಿ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಫೋನನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ ಮಾತ್ರವಲ್ಲದೆ ಜನರ ಕೈಯಲ್ಲಿರುವ ಅಗ್ಗದ ಮತ್ತು ದುಬಾರಿ ಫೋನುಗಳೆರಡರಲ್ಲೂ ಓಡಿಸಿ, ಆಮೇಲೆ ಮಿತಿಯನ್ನು ಗೊತ್ತುಮಾಡಬೇಕು.

ಪರೀಕ್ಷೆಗೆ ಬಳಸುವ ಛಾಯಾಚಿತ್ರಗಳು ಯಾರವು ಎಂಬುದನ್ನೂ ಇಲ್ಲಿ ಪ್ರಸ್ತಾಪಿಸಬೇಕು. 1973ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ನಿಯತಕಾಲಿಕದ ಪುಟದಿಂದ ಸ್ಕ್ಯಾನ್ ಮಾಡಿದ, ಲೆನಾ ಎಂದು ಹೆಸರಾದ ಮಹಿಳೆಯ ಚಿತ್ರವನ್ನು ಅರ್ಧ ಶತಮಾನ ಕಾಲ ಜಗತ್ತಿನ ಚಿತ್ರ ಸಂಸ್ಕರಣೆಯ ಪರೀಕ್ಷೆಗಳಿಗೆ ಬಳಸಿದರು. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಇಇಇಯ ಕಂಪ್ಯೂಟರ್ ಸೊಸೈಟಿ ಆ ಚಿತ್ರವಿರುವ ಪ್ರಬಂಧಗಳನ್ನು ಸ್ವೀಕರಿಸುವುದಿಲ್ಲವೆಂದು ನಿರ್ಧರಿಸಿದ್ದು 2024ರ ಏಪ್ರಿಲ್‌ನಿಂದ. ಬಿಳಿ ಚರ್ಮದ ಮುಖಗಳಿಗೇ ಹೊಂದಿಸಿದ ತಂತ್ರಾಂಶ ಏನು ಮಾಡುತ್ತದೆ ಎಂಬುದನ್ನು ಸಂಶೋಧಕರಾದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ತೋರಿಸಿದರು: ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ವಾಣಿಜ್ಯ ತಂತ್ರಾಂಶಗಳಲ್ಲಿ ತಿಳಿ ಚರ್ಮದ ಗಂಡಸರ ವಿಷಯದಲ್ಲಿ ತಪ್ಪಿನ ಪ್ರಮಾಣ ಹೆಚ್ಚೆಂದರೆ ಶೇ 0.8 ಇದ್ದಲ್ಲಿ, ಕಪ್ಪು ಚರ್ಮದ ಹೆಂಗಸರ ವಿಷಯದಲ್ಲಿ ಅದು ಶೇ 34.7ರವರೆಗೆ ಏರಿತ್ತು. ಬೆಂಗಳೂರಿನಲ್ಲಿ ಕುಳಿತು ಕೋಡು ಬರೆಯುವ ನಾವು ಕೂಡ ಅಂತರಜಾಲದಲ್ಲಿ ಸುಲಭವಾಗಿ ಸಿಗುವ ಬಿಳಿಯರ ಮುಖಗಳನ್ನೇ ಪರೀಕ್ಷೆಗೆ ಇಟ್ಟುಕೊಳ್ಳುತ್ತೇವೆ. ಕಲಬುರಗಿಯ ಬಿಸಿಲಿನಲ್ಲಿ ನಿಂತವರ ಮುಖ, ಮಲೆನಾಡಿನ ಮಳೆಗಾಲದ ಮಬ್ಬಿನಲ್ಲಿ ತೆಗೆದ ಮುಖ ಆ ಸಂಗ್ರಹದಲ್ಲಿ ಇರುವುದಿಲ್ಲ. ಗೂಗಲ್ 2022ರಲ್ಲಿ ಹತ್ತು ಛಾಯೆಗಳ ಮಾಂಕ್ ಚರ್ಮವರ್ಣ ಪಟ್ಟಿಯನ್ನು ಎಲ್ಲರ ಬಳಕೆಗೆ ಬಿಟ್ಟಿದೆ. ಪರೀಕ್ಷೆಯ ಸಂಗ್ರಹದಲ್ಲಿ ಆ ಹತ್ತೂ ಛಾಯೆಗಳಿಗೆ ಒಬ್ಬೊಬ್ಬರಾದರೂ ಇದ್ದಾರೆಯೇ ಎಂದು ಎಣಿಸಲು ಹೆಚ್ಚು ಹೊತ್ತು ಬೇಕಾಗಿಲ್ಲ. ಅವರ ಒಪ್ಪಿಗೆ ಪಡೆದು ತೆಗೆದ ಚಿತ್ರಗಳಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಕೋಡು ಸರಿಯಾಗಿದ್ದ ಮಾತ್ರಕ್ಕೆ ಬಣ್ಣ ಸರಿಯಾಗಿ ಬಂದುಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ರೇಷ್ಮೆಗೂ ಅಂಗಳದ ಬೆಳಕಿನ ರೇಷ್ಮೆಗೂ ವ್ಯತ್ಯಾಸವಿದೆ. ಕ್ಯಾಮೆರಾ ತಾನಾಗಿ ಬಿಳಿಯನ್ನು ಅಂದಾಜು ಮಾಡುತ್ತದೆ, ಅಂದಾಜು ತಪ್ಪುವುದೂ ಉಂಟು. ನೋಡುವವರು ರಾತ್ರಿ ಕಣ್ಣಿಗೆ ಹಿತವೆಂದು ಪರದೆಯನ್ನು ಹಳದಿ ಮಾಡಿಕೊಂಡಿದ್ದರೆ ಯಾವ ಪರೀಕ್ಷೆಯೂ ಏನೂ ಮಾಡಲಾರದು. ಹಾಗಾಗಿಯೇ ಬಣ್ಣದಿಂದ ತೀರ್ಮಾನ ಹೇಳುವ ಗಂಭೀರ ಪ್ರಯೋಗಗಳು ಚಿತ್ರದೊಳಗೇ ಒಂದು ಅಳತೆಗೋಲನ್ನು ಇಡುತ್ತವೆ. ನವಜಾತ ಶಿಶುಗಳ ಕಾಮಾಲೆಯನ್ನು ಫೋನಿನಿಂದ ಅಂದಾಜು ಮಾಡಲು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ರೂಪಿಸಿದ ಬಿಲಿಕ್ಯಾಮ್ ಎಂಬ ವ್ಯವಸ್ಥೆಯಲ್ಲಿ, ಬಣ್ಣಗಳು ಮುದ್ರಿತವಾದ ಕಾರ್ಡೊಂದನ್ನು ಮಗುವಿನ ಮೈಮೇಲಿಟ್ಟು ಚಿತ್ರ ತೆಗೆಯುತ್ತಿದ್ದರು. ಕಾರ್ಡಿನ ಬಣ್ಣ ಎಷ್ಟು ಜಾರಿದೆಯೋ ಅಷ್ಟನ್ನು ಚರ್ಮದ ಬಣ್ಣದಲ್ಲಿ ಸರಿದೂಗಿಸಲು ಸಾಧ್ಯವಾಗುತ್ತಿತ್ತು. ಛಾಯಾಗ್ರಾಹಕರಿಗೆ 1976ರಿಂದ ಪರಿಚಯವಿರುವ 24 ಚೌಕಗಳ ಕಲರ್ ಚೆಕರ್ ಹಲಗೆಯ ತತ್ವವೂ ಇದೇ. ಅದರಲ್ಲಿ ಕಪ್ಪು ಮತ್ತು ತಿಳಿ ಚರ್ಮ, ಎಲೆಯ ಹಸಿರು, ಆಕಾಶದ ನೀಲಿಗೆ ಬೇರೆ ಬೇರೆ ಚೌಕಗಳಿವೆ. ಆದರೆ ಒಂದನ್ನು ಗಮನಿಸಬೇಕು. ಕಾರ್ಡು ಬೆಳಕಿನ ಏರುಪೇರನ್ನು ತಿದ್ದಬಲ್ಲದು. ಗಾಢ ಬಣ್ಣವನ್ನು ಮೊದಲೇ ಕತ್ತರಿಸಿ ಎಸೆದ ಕೋಡನ್ನು ತಿದ್ದಲಾರದು. ಹೋದ ಅಂಕಿಗಳು ಮರಳಿ ಬರುವುದಿಲ್ಲ.

ರಾಜ್ಯದಲ್ಲಿ ಬೆಳೆ ಸಮೀಕ್ಷೆಗಾಗಿ ಹೊಲದ ಚಿತ್ರವನ್ನು ಆ್ಯಪ್ ಮೂಲಕ ತೆಗೆದು ಏರಿಸುವುದು ರೈತರಿಗೆ ಈಗ ಹೊಸದಲ್ಲ. ಇಂದು ಬೆಳೆ ಇದೆಯೇ ಎಂಬುದಕ್ಕೆ ಸಾಕ್ಷಿಯಾಗಿ ಸಂಗ್ರಹವಾದ ಚಿತ್ರಗಳನ್ನೇ ನಾಳೆ ರೋಗವಿದೆಯೇ, ಬೆಳೆ ಒಣಗಿದೆಯೇ, ಪರಿಹಾರ ಎಷ್ಟು ಎಂದು ಯಂತ್ರದಿಂದ ಓದಿಸುವ ಆಲೋಚನೆ ಯಾರಿಗಾದರೂ ಬರಬಹುದು. ಆ ದಿನ ಬಂದಾಗ, ಪ್ರೊಫೈಲ್ ಕಳೆದುಕೊಂಡು, ಎರಡು ಮೂರು ಸಲ ಕುಗ್ಗಿ, ಯಾವ ಅಳತೆಯವೆಂದು ತಿಳಿಯದ ಲಕ್ಷಗಟ್ಟಲೆ ಚಿತ್ರಗಳು ನಮ್ಮ ಕೈಯಲ್ಲಿ ಇರಬಾರದು.

ಆದ್ದರಿಂದ ಕೃಷಿ, ಆರೋಗ್ಯ, ಕೈಮಗ್ಗ ಇಲಾಖೆಗಳಿಗೆ ಮತ್ತು ಇ-ಆಡಳಿತದ ಹೊಣೆ ಹೊತ್ತವರಿಗೆ ನನ್ನ ಕೋರಿಕೆ ಇಷ್ಟು. ಚಿತ್ರಗಳನ್ನು ಬಳಸುವ ಯಾವುದೇ ಆ್ಯಪ್‌ನ ಟೆಂಡರಿನಲ್ಲಿ, ಚಿತ್ರ ಯಾವ ಕಲರ್ ಸ್ಪೇಸಿನಲ್ಲಿ ಒಳಬರುತ್ತದೆ, ಯಾವುದರಲ್ಲಿ ಉಳಿಯುತ್ತದೆ, ಪರಿವರ್ತನೆ ಎಲ್ಲಿ ನಡೆಯುತ್ತದೆ ಎಂಬುದನ್ನು ಬರಹದಲ್ಲಿ ಕೇಳಬೇಕು. ತಿಳಿದ ಅಂಕಿಗಳ ಚಿತ್ರಗಳನ್ನು ಇಲಾಖೆಯೇ ಕೊಟ್ಟು, ಗುತ್ತಿಗೆದಾರರು ಮೊದಲು ನೋಡಿರದ ಆ ಚಿತ್ರಗಳ ಮೇಲೆ ಆ್ಯಪ್ ಓಡಿಸಿ, ಹೊರಬಂದ ಅಂಕಿಗಳನ್ನು ತನಿಖೆ ಮಾಡಬೇಕು. ಬಣ್ಣದಿಂದ ತೀರ್ಮಾನ ಹೇಳುವ ಆ್ಯಪ್ ಆಗಿದ್ದರೆ, ಒಂದೇ ಎಲೆ ಅಥವಾ ಒಂದೇ ಬಣ್ಣದ ಕಾರ್ಡನ್ನು ಬೇರೆ ಬೇರೆ ಬೆಲೆಯ ಫೋನುಗಳಲ್ಲಿ ತೆಗೆದಾಗ ಉತ್ತರ ಎಷ್ಟು ಬದಲಾಗುತ್ತದೆ ಎಂಬ ವರದಿಯನ್ನು ಬಿಡುಗಡೆಗೆ ಮೊದಲು ಪ್ರಕಟಿಸಬೇಕು. ಇದಕ್ಕೆ ಬೇಕಾದ ಚಿತ್ರಸಂಗ್ರಹವನ್ನು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಸೇರಿ ಸಿದ್ಧಪಡಿಸಿ, ಖಾಸಗಿ ಆ್ಯಪ್ ಮಾಡುವವರೂ ಬಳಸುವಂತೆ ಎಲ್ಲರಿಗೂ ತೆರೆದಿಟ್ಟರೆ, ಇಳಕಲ್ ಮತ್ತು ಗುಳೇದಗುಡ್ಡದ ಬಟ್ಟೆಗಳ ಅಂಕಿಗಳೂ ಅದರಲ್ಲಿ ಸೇರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಂತ್ರಾಂಶ ಪರೀಕ್ಷಕ,
ಬೆಂಗಳೂರು